ಹೊಳೆಯ ಗುಂಟ ಹೋರಾಟದ ಊರುಗಳು

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ. ಮುನ್ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಕೂಡುವ ಜಾಗದಲ್ಲಿ ಬಸವಣ್ಣನವರ ಐಕ್ಯಮಂಟಪ ಇರುವುದು ನಾಡಿಗೆಲ್ಲ ಗೊತ್ತು. ಅದೇ ಹೊಳೆಯಲ್ಲಿ ಎಷ್ಟೋ ಮೇಲೆ, ಪುಣೆ–ಬೆಂಗಳೂರು ಹೆದ್ದಾರಿ ನೀರನ್ನು ದಾಟುವ ಎಂ.ಕೆ. ಹುಬ್ಬಳ್ಳಿಯಲ್ಲಿ, ಅವರ ಮಡದಿ ಗಂಗಾಂಬಿಕೆಯ ಐಕ್ಯಮಂಟಪವಿದೆ. ಬೆಳಗಾವಿಗೆ ಧಾರವಾಡಕ್ಕೆ ಓಡಾಡುವವರು ಸೇತುವೆಯ ಮೇಲಿಂದ ಕ್ಷಣಮಾತ್ರದಲ್ಲಿ ದಾಟಿಹೋಗುವ ಜಾಗ ಅದು. ನಾನೂ ಎಷ್ಟೋ ಸಲ ಹಾಗೆಯೇ ದಾಟಿದ್ದೆ. ಈ ಸಲ ಅದೇ ಎಂ.ಕೆ., ಅಂದರೆ ಮುಗುಟಖಾನ, ಹುಬ್ಬಳ್ಳಿಯಲ್ಲಿ ಬಸ್ಸಿಳಿದು ಹೊಳೆಯ ಕಡೆಗೆ ನಡೆದೆ. ನಡೆಯುತ್ತ ಹೊಳೆದದ್ದು ಇದು: ಒಂದೇ ಹೊಳೆ, ಮೇಲೆ ಹೆಂಡತಿ, ಕೆಳಗೆ ಗಂಡ. ಇಲ್ಲಿ ಗಂಗಾಂಬಿಕೆಯ ಮಂಟಪವನ್ನು ತಾಗಿದ ನೀರೇ ಬೈಲಹೊಂಗಲ, ಸವದತ್ತಿ, ರಾಮದುರ್ಗದ ನೆಲವನ್ನು ಸುತ್ತಿ ಕೂಡಲಸಂಗಮಕ್ಕೆ ಹೋಗುತ್ತದೆ. ಎರಡು ಮಂಟಪಗಳ ನಡುವಿನ ಈ ನೀರಿನ ದಾರಿಯನ್ನು ಹಿಡಿದು ಹೋಗಬೇಕು ಎಂದು ಅಲ್ಲಿಯೇ ನಿರ್ಧರಿಸಿದೆ.

ಹೋಗಬೇಕೆನಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು. ಈ ಸೀಮೆಯ ನಕ್ಷೆಯ ಮೇಲೆ ಬೆರಳಿಟ್ಟಲ್ಲೆಲ್ಲ ಒಂದು ಹೋರಾಟದ ಹೆಸರು ಸಿಗುತ್ತದೆ. ಕಾದರವಳ್ಳಿ, ಕಿತ್ತೂರು, ಸಂಗೊಳ್ಳಿ, ಸವದತ್ತಿ, ರಾಮದುರ್ಗ, ನರಗುಂದ, ನವಲಗುಂದ. ಇಷ್ಟೂ ಒಂದೇ ಹೊಳೆಯ ಆಸುಪಾಸು. ಇಷ್ಟೊಂದು ದಿಟ್ಟತನ ಒಂದೇ ಸೀಮೆಯಲ್ಲಿ ಹೇಗೆ ಬೆಳೆಯಿತು? ಜನ ಸಿಟ್ಟಿಗೇಳುವುದು ಎಲ್ಲ ಕಡೆಯೂ ಇದ್ದದ್ದೇ. ಸಿಟ್ಟು ಯಾವಾಗ, ಯಾವ ಕೆಲಸದಿಂದ ಬದಲಾವಣೆಯಾಗುತ್ತದೆ ಎಂಬುದನ್ನು ಈ ಊರುಗಳಲ್ಲಿ ನಿಂತು ಯೋಚಿಸಬೇಕೆನಿಸಿತ್ತು.

ಎಂ.ಕೆ. ಹುಬ್ಬಳ್ಳಿಯ ಸಮೀಪದಲ್ಲೇ ಕಾದರವಳ್ಳಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಗಲಭೆಯಾಗಿ ಶರಣರು ಚದುರಿದಾಗ ಚೆನ್ನಬಸವಣ್ಣನ ಮುಂದಾಳ್ತನದಲ್ಲಿ ಒಂದು ತಂಡ ಉಳವಿಯ ಕಡೆಗೆ ಹೊರಟಿತು, ಬೆನ್ನಟ್ಟಿ ಬಂದ ಸೈನ್ಯದೊಡನೆ ಕಾದರವಳ್ಳಿಯಲ್ಲಿ ಕಾಳಗವಾಯಿತು, ಗಂಗಾಂಬಿಕೆ ಇಲ್ಲಿ ಹೊಳೆಯ ಮಡಿಲು ಸೇರಿದಳು ಎಂದು ಈ ಸೀಮೆಯ ನಂಬಿಕೆ. ಶರಣರು ಹೊತ್ತು ತಂದದ್ದು ಹೊನ್ನಲ್ಲ, ವಚನದ ಕಟ್ಟುಗಳು. ಅಲ್ಲಿಯೇ ನನಗೆ ಮೊದಲ ಬೆರಗು. ರಾಜಧಾನಿ ಕೈತಪ್ಪಿದೆ, ಗುರು ಇಲ್ಲ, ಹಿಂದೆ ಕುದುರೆಗಳ ಸದ್ದು. ಆ ಹೊತ್ತಿನಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂದು ಯಾರೋ ಕೂತು ತೀರ್ಮಾನಿಸಿದ್ದಾರೆ. ಒಂದೇ ದಾರಿಯಲ್ಲಿ ಹೋಗದೆ ಬೇರೆ ಬೇರೆ ದಿಕ್ಕಿಗೆ ಹಂಚಿಹೋಗಿದ್ದಾರೆ. ಒಂದು ತಂಡ ಸಿಕ್ಕಿಬಿದ್ದರೂ ಇನ್ನೊಂದು ಉಳಿಯಲಿ ಎಂಬ ಎಣಿಕೆ ಇರದೆ ಹೀಗಾಗುವುದಿಲ್ಲ. ಏಳೂವರೆ ಶತಮಾನ ಕಳೆದ ಮೇಲೆ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಇಂಥ ಓಲೆಗಳನ್ನು ಕೂಡಿಹಾಕಿ, ‘ವಚನಶಾಸ್ತ್ರಸಾರ’ವನ್ನು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚು ಮಾಡಿಸಿದರು. ಸೋತಿತು ಎಂದು ಎಲ್ಲರೂ ಬಗೆದಿದ್ದ ಚಳವಳಿಯೊಂದು ಇಷ್ಟು ದೀರ್ಘವಾಗಿ ಉಸಿರು ಹಿಡಿದದ್ದು ಆ ಕಟ್ಟುಗಳನ್ನು ಹೊತ್ತವರಿಂದ. ಅವರಲ್ಲಿ ಬಹುಪಾಲು ಜನರ ಹೆಸರೂ ನಮಗೆ ತಿಳಿಯದು.

ಮಂಟಪದಿಂದ ಮೇಲೆ ಬಂದರೆ ಎಂ.ಕೆ. ಹುಬ್ಬಳ್ಳಿ ಕಬ್ಬಿನ ಊರು. ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ಇರುವುದು ಇಲ್ಲಿಯೇ. ಹೆದ್ದಾರಿಯಂಚಿನ ಚಹಾದಂಗಡಿಯಲ್ಲಿ ಕೂತರೆ ಮಾತು ತಾನಾಗಿ ಕಬ್ಬಿನ ಬಿಲ್ಲಿಗೆ ಬರುತ್ತದೆ. ಅಂದೂ ಬಂತು. ಕೇಂದ್ರ ಸರ್ಕಾರ 2025–26ನೇ ಸಾಲಿಗೆ ಗೊತ್ತುಮಾಡಿದ ದರ ಕ್ವಿಂಟಲ್‌ಗೆ 355 ರೂಪಾಯಿ. ಆದರೆ ಅದು ಇಂತಿಷ್ಟು ಸಕ್ಕರೆ ಇಳುವರಿಗೆ, ಅದರಲ್ಲೇ ಕಟಾವು ಮತ್ತು ಸಾಗಾಣಿಕೆಯ ಖರ್ಚು ಕಳೆಯಬೇಕು. ರೈತನ ಕೈಗೆ ಬರುವುದು ಬೇರೆಯೇ ಮೊತ್ತ. ಈ ಲೆಕ್ಕವನ್ನು ಎದುರಿಗೆ ಕೂತ ಹಿರಿಯರೊಬ್ಬರು ಕಾಗದ–ಪೆನ್ನಿಲ್ಲದೆ ಹೇಳಿದರು.

ಅದೇ 2025ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ರಸ್ತೆಯ ಮೇಲೆ ಕೂತಿದ್ದರು. ಬೇಡಿಕೆ ಒಂದೇ ಸಾಲಿನದು: ಟನ್ನಿಗೆ 3,500 ರೂಪಾಯಿ. ಕೊನೆಗೆ ಮುಖ್ಯಮಂತ್ರಿಗಳ ಸಭೆ ನಡೆದು 3,300ಕ್ಕೆ ಒಪ್ಪಂದವಾಯಿತು. ಆ ಹೋರಾಟದ ಸಮಯವನ್ನು ಗಮನಿಸಿದರೆ ಅದರ ಜಾಣ್ಮೆ ತಿಳಿಯುತ್ತದೆ. ಕಾರ್ಖಾನೆ ಕಬ್ಬು ನುರಿಸಲು ಶುರುಮಾಡುವ ಹೊತ್ತು ಅದು. ಬಾಯ್ಲರ್ ಹೊತ್ತಿಸಿ ಕೂತವರಿಗೆ ಕಬ್ಬು ಬೇಕೇ ಬೇಕು. ಒಂದು ತಿಂಗಳು ಮುಂಚೆ ಕೂತಿದ್ದರೆ ಯಾರೂ ಬಂದು ಕೇಳುತ್ತಿರಲಿಲ್ಲ. ಎರಡು ತಿಂಗಳು ತಡಮಾಡಿದ್ದರೆ ಕಬ್ಬು ಹೊಲದಿಂದ ಹೋಗಿಬಿಟ್ಟಿರುತ್ತಿತ್ತು. ಕಡಿದ ಕಬ್ಬು ಒಣಗುತ್ತ ಹೋಗುವುದರಿಂದ ರೈತನಿಗೂ ಬಹಳ ದಿನ ಕಾಯುವ ಶಕ್ತಿ ಇಲ್ಲ. ಎರಡೂ ಕಡೆಯ ತಾಳ್ಮೆಯನ್ನು ಅಳೆದು ದಿನ ಆರಿಸಬೇಕು. ಆ ದಿನಗಳಲ್ಲಿ ಬೇರೊಂದು ಕಡೆ ಹೆದ್ದಾರಿಯ ಮೇಲೆ ಕಲ್ಲು ತೂರಾಟವೂ ಆಯಿತು, ಅದು ನೋವಿನ ಸಂಗತಿ. ಕಲ್ಲು ಹಾರಿದ ಕೂಡಲೇ ಜನರ ಗಮನ ಟನ್ನಿನ ದರದಿಂದ ಕಲ್ಲಿನ ಕಡೆಗೆ ತಿರುಗುತ್ತದೆ.

ಕಿತ್ತೂರು ಇಲ್ಲಿಂದ ಹತ್ತಿರ. ಕೋಟೆಯ ಒಳಗೆ ಬಿದ್ದ ಗೋಡೆಗಳ ನಡುವೆ ನಡೆಯುವಾಗ 1824ರ ಅಕ್ಟೋಬರ್ 23 ಎಂಬ ದಿನಾಂಕ ನೆನಪಾಗದೆ ಇರದು. ಅಂದು ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಇಲ್ಲಿ ಹತನಾದ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಇದು ಎಲ್ಲ ಮಕ್ಕಳೂ ಶಾಲೆಯಲ್ಲಿ ಓದುವ ಕಥೆ. ನನಗೆ ಹೆಚ್ಚು ಬೆರಗು ಹುಟ್ಟಿಸಿದ್ದು ಅದರ ಮುಂದಿನ ಅಧ್ಯಾಯ. ಕಿತ್ತೂರಿನಿಂದ ಸಂಗೊಳ್ಳಿಗೆ ಹೋಗುವಾಗ ಟಂಟಂನಲ್ಲಿ ಜೊತೆಗಿದ್ದ ಅಕ್ಕಾರೊಬ್ಬರು, “ರಾಯಣ್ಣನ ಊರಿಗೆ ಹೊಂಟೀರೇನ್ರಿ? ಹೊಳಿ ದಾಟಿ ಬಂದವರೆಲ್ಲಾ ಅಲ್ಲಿಗೆ ಹೋಗೇ ಹೋಗ್ತಾರ ಬಿಡ್ರಿ” ಎಂದರು, ತಮ್ಮದೇ ಮನೆಯ ಮಗನ ಬಗ್ಗೆ ಹೇಳುವ ದನಿಯಲ್ಲಿ.

ರಾಣಿ ಇಲ್ಲ, ಕೋಟೆ ಇಲ್ಲ, ಖಜಾನೆ ಇಲ್ಲ. ಸಂಗೊಳ್ಳಿ ರಾಯಣ್ಣ ಮತ್ತು ಅವನ ಜೊತೆಗಾರರು ಆಗ ಏನನ್ನು ಗುರಿಯಾಗಿ ಆರಿಸಿಕೊಂಡರು? ಬೀಡಿ ಎಂಬ ಊರಿನ ಸರ್ಕಾರಿ ಕಚೇರಿ. ಅದನ್ನು ಸುಟ್ಟರು, ಅದರಂಥ ಇನ್ನಷ್ಟು ಕಚೇರಿಗಳ ಮೇಲೂ ಬಿದ್ದರು. ಕಚೇರಿಯೊಳಗೆ ಇದ್ದದ್ದು ಭೂಮಿಯ ಕಾಗದಪತ್ರ. ತಲೆತಲಾಂತರದಿಂದ ಸೇವೆಗಾಗಿ ಬಿಟ್ಟ ಹೊಲಗಳನ್ನು ಕಂಪನಿ ಕಸಿಯುತ್ತಿತ್ತು, ಉಳಿದದ್ದಕ್ಕೆ ತೆರಿಗೆ ಏರಿಸುತ್ತಿತ್ತು. ಆ ಅನ್ಯಾಯ ಎಲ್ಲಿ ನೆಲೆಸಿದೆ ಎಂದು ರಾಯಣ್ಣನಿಗೆ ಗೊತ್ತಿತ್ತು. ಸಿಪಾಯಿಯ ಕತ್ತಿಯಲ್ಲಿ ಅಲ್ಲ, ಕುಲಕರ್ಣಿಯ ದಫ್ತರದಲ್ಲಿ. ಇನ್ನೂರು ವರ್ಷ ಹಿಂದೆ, ಒಂದು ಹಳ್ಳಿಯ ಕಾವಲುಗಾರನಿಗೆ ಇಷ್ಟು ಸ್ಪಷ್ಟವಾಗಿ ಕಾಣಿಸಿದ್ದು ನನ್ನನ್ನು ದಂಗುಬಡಿಸಿತು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ನಂದಗಡದ ಸಮಾಧಿಗೆ ಜನ ಇಂದಿಗೂ ಹೋಗುತ್ತಾರೆ, ಹರಕೆ ಹೊರುತ್ತಾರೆ.

ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಗೆ ಕೈಮುಗಿದು ಸವದತ್ತಿಯ ಬಸ್ಸು ಹತ್ತಿದೆ. ಮೇಲೇರಿದಂತೆ ಮಣ್ಣಿನ ಬಣ್ಣ ಬದಲಾಗುತ್ತದೆ. ಗುಡ್ಡ ಬೋಳಾಗುತ್ತದೆ, ಗಾಳಿ ಒಣಗುತ್ತದೆ. ಎಲ್ಲಮ್ಮನ ಗುಡ್ಡದಲ್ಲಿ ಭಂಡಾರ ಮೆತ್ತಿದ ಮೆಟ್ಟಿಲುಗಳು, ಚೌಡಿಕೆಯ ಸದ್ದು, “ಉಧೋ ಉಧೋ” ಎಂಬ ಕೂಗು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಇಲ್ಲಿ ಸೇರುವ ಜನರನ್ನು ನೋಡಿದವರಿಗೆ ಈ ತಾಯಿಯ ಸೆಳೆತ ಎಂಥದೆಂದು ತಿಳಿದಿದೆ. ಎಷ್ಟೋ ಬಡ ಮನೆಗಳು, ಅದರಲ್ಲೂ ದಲಿತರ ಮನೆಗಳು, ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರಾಗಿ ಇವಳ ಹೆಸರಿಗೆ ಬಿಟ್ಟದ್ದೂ ಇದೇ ನಂಬಿಕೆಯ ನೆರಳಿನಲ್ಲಿ.

ಮುತ್ತು ಕಟ್ಟುವುದು ಅಪರಾಧ ಎಂದು ಕರ್ನಾಟಕದ ಕಾನೂನು 1982ರಲ್ಲೇ ಹೇಳಿತು. ಅದಕ್ಕೂ ಮೊದಲು, ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, 1934ರ ಕಾಯ್ದೆಯೂ ಇತ್ತು. ಎರಡು ಕಾನೂನು ಬಂದರೂ ಪದ್ಧತಿ ಹಗಲಿನಿಂದ ರಾತ್ರಿಗೆ, ಗುಡ್ಡದಿಂದ ಮನೆಗೆ ಸರಿಯಿತೇ ಹೊರತು ನಿಲ್ಲಲಿಲ್ಲ. ಅದನ್ನು ನಿಲ್ಲಿಸಲು ಹೊರಟವರು ಯಾರು ಎಂದು ತಿಳಿದಾಗ ನನ್ನ ಮೈ ಜುಮ್ಮೆಂದಿತು. ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳೇ. 1990ರ ಆಸುಪಾಸಿನಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆ ಬೆಳಗಾವಿ ಜಿಲ್ಲೆಯಲ್ಲಿ ಪುನರ್ವಸತಿ ಕೆಲಸ ಶುರುಮಾಡಿದವು. ಊರೂರಿನಲ್ಲಿ ಹೆಂಗಸರ ಸಣ್ಣ ಸಂಘಗಳಾದವು. 1997ರಲ್ಲಿ ಆ ಹೆಂಗಸರದೇ ಸಂಸ್ಥೆ ಘಟಪ್ರಭಾ ಊರಿನಲ್ಲಿ ನೆಲೆಯೂರಿತು: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಎಲ್ಲರ ಬಾಯಲ್ಲಿ ‘ಮಾಸ್’. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅವರ ಕೆಲಸದ ಕ್ರಮವನ್ನು ಯೋಚಿಸಿದಷ್ಟೂ ಗೌರವ ಹೆಚ್ಚುತ್ತದೆ. ಮೊದಲು ಉಳಿತಾಯದ ಸಂಘ. ವಾರಕ್ಕೊಮ್ಮೆ ಕೂಡುವ ಅಭ್ಯಾಸ, ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಾಗುವ ಜಾಗ, ಸಾಲಕ್ಕೆ ಜಮೀನ್ದಾರನ ಮನೆಗೆ ಹೋಗದಿರುವ ಧೈರ್ಯ. ಬಹಿರಂಗವಾಗಿ ಎದ್ದು ನಿಲ್ಲುವುದು ಆಮೇಲೆ. ಜಾತ್ರೆಯ ದಿನಗಳಲ್ಲಿ ಗುಡ್ಡಕ್ಕೇ ಹೋಗಿ ಜನರ ಮುಂದೆ ತಮ್ಮ ಬಾಳನ್ನು ಹೇಳುವುದು, ಬೀದಿನಾಟಕ ಆಡುವುದು, ಎಲ್ಲೋ ಒಂದು ಮಗುವಿಗೆ ಮುತ್ತು ಕಟ್ಟುವ ಸುಳಿವು ಸಿಕ್ಕರೆ ಆ ಮನೆಗೆ ಹೋಗಿ ತಾಯಿಯ ಜೊತೆ ಮಾತಾಡುವುದು. ಹೊರಗಿನಿಂದ ಬಂದ ಅಧಿಕಾರಿ ಹೇಳಿದರೆ ತಾಯಿ ಬಾಗಿಲು ಹಾಕುತ್ತಾಳೆ. ತನ್ನಂತೆಯೇ ಪಡಲಗಿ ಹೊತ್ತವಳು ಬಂದು “ತಂಗೀ, ನನಗಾದದ್ದು ನಿನ್ನ ಮಗಳಿಗೆ ಬ್ಯಾಡ” ಎಂದರೆ ಹೇಗೆ ಹಾಕಿಯಾಳು? ಮಾತು ಯಾರ ಬಾಯಿಂದ ಬರಬೇಕು ಎಂಬುದನ್ನು ಅವರು ಸರಿಯಾಗಿ ಆರಿಸಿದರು.

ದೂರದ ಅಮೆರಿಕದ ಮಾಂಟ್ಗೊಮರಿ ಊರಿನ ಬಸ್ ಬಹಿಷ್ಕಾರ ನನಗೆ ಗುಡ್ಡದ ಮೇಲೆ ನೆನಪಾಯಿತು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಿಳಿಯರಿಗೆ ಸೀಟು ಬಿಟ್ಟೇಳಲಿಲ್ಲ ಎಂಬುದಷ್ಟೇ ನಮಗೆಲ್ಲ ತಿಳಿದಿದೆ. ಅಂದು ರಾತ್ರಿಯೇ ಜೋ ಆನ್ ರಾಬಿನ್ಸನ್ ಎಂಬ ಶಿಕ್ಷಕಿ ಸಾವಿರಾರು ಕರಪತ್ರ ತೆಗೆದು ಮರುದಿನ ಊರಿಡೀ ಹಂಚಿಸಿದರು. ಅವರ ಬೆನ್ನಿಗೆ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದ ಹೆಂಗಸರ ಸಂಘವೊಂದಿತ್ತು. ಬಹಿಷ್ಕಾರ 381 ದಿನ ನಡೆದು ಗೆದ್ದಿತು. ಅಲ್ಲಿ ಕರಪತ್ರ, ಇಲ್ಲಿ ಉಳಿತಾಯದ ಪುಸ್ತಕ. ಎರಡು ಕಡೆಯೂ ಹೆಂಗಸರು ವರ್ಷಗಟ್ಟಲೆ ಸದ್ದಿಲ್ಲದೆ ಕೂಡುತ್ತಿದ್ದರು. 2025ರಲ್ಲಿ ನಮ್ಮ ವಿಧಾನಮಂಡಲ ಹೊಸದೊಂದು ದೇವದಾಸಿ ಮಸೂದೆಯನ್ನು ಅಂಗೀಕರಿಸಿತು. ಮಕ್ಕಳು ತಂದೆಯನ್ನು ಗುರುತಿಸಿ ಹಕ್ಕು ಕೇಳುವ ಅವಕಾಶ ಅದರಲ್ಲಿದೆ. ಮೂರು ದಶಕ ಹಿಂದೆ ಸಣ್ಣ ಸಂಘಗಳಲ್ಲಿ ಕೂತವರ ದನಿ ಅಲ್ಲಿಯವರೆಗೆ ಹೋಗಿ ಮುಟ್ಟಿದೆ.

ಗುಡ್ಡ ಇಳಿದು ಮುನವಳ್ಳಿಯ ದಾರಿಯಲ್ಲಿ ನವಿಲುತೀರ್ಥ. ಎರಡು ಗುಡ್ಡಗಳ ನಡುವಿನ ಕಿರುದಾರಿಯಲ್ಲಿ ನುಗ್ಗಿ ಹೋಗುತ್ತಿದ್ದ ಮಲಪ್ರಭೆಯನ್ನು ಅಲ್ಲಿಯೇ ತಡೆದಿದ್ದಾರೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಕಂಡ ಹೊಳೆ ಇಲ್ಲಿ ಸಮುದ್ರವಾಗಿ ನಿಂತಿದೆ. ರೇಣುಕಾ ಸಾಗರ, 37.73 ಟಿಎಂಸಿ. ಎಪ್ಪತ್ತರ ದಶಕದ ಮೊದಲಿಗೆ ಅಣೆಕಟ್ಟು ಮುಗಿದಾಗ ಎಡದಂಡೆ ಬಲದಂಡೆ ಕಾಲುವೆಗಳು ಎರಡು ಲಕ್ಷ ಹೆಕ್ಟೇರಿಗೂ ಹೆಚ್ಚು ಎರೆಭೂಮಿಗೆ ನೀರು ಕೊಡುತ್ತವೆ ಎಂಬ ಭರವಸೆ ಇತ್ತು. ನೀಲಿ ನೀರಿನ ಮುಂದೆ ನಿಂತು ಅದನ್ನು ನಂಬದಿರುವುದು ಕಷ್ಟ. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿ ಅಲ್ಲಿಯೇ ದಂಡೆಯಲ್ಲಿ ಉಂಡೆ. ನೀರಿನಿಂದ ಕಣ್ಣು ಕೀಳಲಾಗಲಿಲ್ಲ.

ರಾಮದುರ್ಗದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ಆದರೆ ಅಲ್ಲಿ ನಡೆದದ್ದನ್ನು ಬಿಟ್ಟು ಮುಂದೆ ಹೋಗಲಾಗದು. ಸಂಸ್ಥಾನದ ಕಾಲದಲ್ಲಿ ಇಲ್ಲಿ ಪ್ರಜಾಸಂಘ ಕಟ್ಟಿ ತೆರಿಗೆಯ ಭಾರದ ವಿರುದ್ಧ ಜನ ಎದ್ದಿದ್ದರು. 1939ರ ಏಪ್ರಿಲ್ 7ರಂದು ಬಂಧಿತ ಮುಂದಾಳುಗಳನ್ನು ಬಿಡಿಸಲು ಬಂದ ಜನಸ್ತೋಮ ಹಿಡಿತ ತಪ್ಪಿತು, ಪೊಲೀಸರು ಹತರಾದರು. ಗಾಂಧೀಜಿ ‘ಹರಿಜನ’ದಲ್ಲಿ ನೊಂದು ಬರೆದರು. ಮುಂದಾಳುಗಳಿಲ್ಲದ ಗುಂಪಿಗೆ ಅಂದು ಏನು ಮಾಡಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳುವವರು ಇರಲಿಲ್ಲ. ನ್ಯಾಯವಾದ ಬೇಡಿಕೆಯೊಂದು ಒಂದೇ ದಿನದಲ್ಲಿ ರಕ್ತದ ಕೆಳಗೆ ಹೂತುಹೋಯಿತು. ಸಂಸ್ಥಾನ ಮುಗಿದದ್ದು 1948ರ ವಿಲೀನದಿಂದ. ಹೋರಾಟಕ್ಕೆ ಮುಂದಾಳುಗಳು ಸೆರೆಯಾದ ಮರುದಿನದ ಯೋಜನೆಯೂ ಬೇಕು ಎಂಬುದಕ್ಕೆ ರಾಮದುರ್ಗಕ್ಕಿಂತ ಕಹಿಯಾದ ನಿದರ್ಶನ ನನಗೆ ತಿಳಿಯದು.

ಸುರೇಬಾನದ ಮೇಲೆ ಹಾದು ನರಗುಂದಕ್ಕೆ ಬಂದಾಗ ಇಳಿಹೊತ್ತು. ಬಯಲಿನ ನಡುವೆ ಒಂಟಿಯಾಗಿ ಎದ್ದ ಗುಡ್ಡ, ಅದರ ಬುಡದಲ್ಲಿ ಊರು, ಸುತ್ತ ಕಣ್ಣು ಹರಿಯುವಷ್ಟೂ ಕರಿ ಮಣ್ಣು. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದು ಸುರೇಬಾನದಲ್ಲಿ ಅಧಿಕಾರಿ ಮ್ಯಾನ್ಸನ್‌ನನ್ನು ಮುಗಿಸಿದ್ದು ಈ ಗುಡ್ಡದ ನೆನಪಿನಲ್ಲಿದೆ. ನಾನು ಬಂದದ್ದು ಇನ್ನೂ ಹಸಿಯಾದ ಇನ್ನೊಂದು ನೆನಪಿಗಾಗಿ.

ಕಾಲುವೆ ಬಂದ ಮೇಲೆ ಎರೆಹೊಲದ ರೈತರು ವರಲಕ್ಷ್ಮಿ ಹತ್ತಿ ಬಿತ್ತಿದರು. ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು 1972ರಲ್ಲಿ ಹೊರತಂದ ಹೈಬ್ರಿಡ್ ತಳಿ ಅದು. ಮೊದಮೊದಲು ಕೈತುಂಬ ರೊಕ್ಕ ತಂದಿತು, ಆಮೇಲೆ ಬೆಲೆ ಕುಸಿಯಿತು. ಎಷ್ಟೋ ಹೊಲಕ್ಕೆ ನೀರು ಬರಲೇ ಇಲ್ಲ. ಬಂದ ಕೆಲವು ಕಡೆ ಜವುಳಾಯಿತು. ಅಂಥ ಹೊತ್ತಿನಲ್ಲಿ ಸರ್ಕಾರ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರವನ್ನು ವಸೂಲಿ ಮಾಡಲು ಹೊರಟಿತು. ನೀರಾವರಿಯಿಂದ ಹೊಲದ ಬೆಲೆ ಏರಿದೆ, ಏರಿದ್ದಕ್ಕೆ ಕೊಡಿ ಎಂಬ ತರ್ಕ. ಅದರ ಮೇಲೆ ನೀರಿನ ಕರ ಬೇರೆ.

ನರಗುಂದದ ಪೇಟೆಯಲ್ಲಿ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹಿರಿಯರ ಪಕ್ಕ ಕೂತೆ. “ಅಜ್ಜಾರ, ಎಂಬತ್ತನೇ ಇಸ್ವಿಯಾಗ ನೀವು ಇಲ್ಲೇ ಇದ್ರ್ಯಾ?” ಎಂದೆ. “ಇಲ್ಲದ ಎಲ್ಲಿಗೆ ಹೋಗ್ಲಿ ತಮ್ಮಾ. ಹರೇದ ಹುಡುಗ ನಾ ಆವಾಗ. ನೀರ ಮುಟ್ಟದ ಹೊಲಕ್ಕ ನೀರಿನ ರೊಕ್ಕ ಕೊಡು ಅಂದ್ರ ಯಾಂವ ಕೊಟ್ಟಾನು?” ಎಂದರು. ಆ ಪ್ರಶ್ನೆಯಲ್ಲಿ ಇಡೀ ಚಳವಳಿ ಅಡಗಿತ್ತು. ಓದು ಬಾರದವರಿಗೂ ಅರ್ಥವಾಗುವ, ಯಾವ ಪಕ್ಷದವರೂ ಅಲ್ಲಗಳೆಯಲಾಗದ ಪ್ರಶ್ನೆ. ಅದನ್ನು ಹಿಡಿದೇ ಪಕ್ಷಭೇದ ಬದಿಗಿಟ್ಟು ಮಲಪ್ರಭಾ ನೀರಾವರಿ ಪ್ರದೇಶದ ರೈತರ ಸಮನ್ವಯ ಸಮಿತಿ ಆಯಿತು. ಮನವಿ ಕೊಟ್ಟರು. ಉತ್ತರ ಬರಲಿಲ್ಲ. ಧರಣಿ ಕೂತರು, ಉಪವಾಸ ಮಾಡಿದರು. ಕೊನೆಗೆ 1980ರ ಜುಲೈ 21ಕ್ಕೆ ನರಗುಂದ, ನವಲಗುಂದ, ಸವದತ್ತಿಗಳಲ್ಲಿ ಬಂದ್ ಕರೆ ಕೊಟ್ಟರು.

ಹೊಲ ಬೇರೆ, ಜಾತಿ ಬೇರೆ, ತಾಲ್ಲೂಕು ಬೇರೆ ಇದ್ದ ಇಷ್ಟು ಜನರನ್ನು ಒಂದೇ ದಿನ ಒಂದೇ ಕೆಲಸಕ್ಕೆ ಹೊರಡಿಸುವುದು ಹೇಗೆ ಸಾಧ್ಯವಾಯಿತು? ಮರುದಿನ ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ನಡೆಯುತ್ತ ನನಗೆ ತೋಚಿದ್ದು ಇದು. ಅವರೆಲ್ಲರನ್ನೂ ಕಾಲುವೆಯೇ ಮೊದಲು ಕಟ್ಟಿಹಾಕಿತ್ತು. ಒಂದೇ ನೀರಿಗೆ ಕಾಯುವವರು, ಒಂದೇ ನೋಟಿಸು ಹಿಡಿದವರು, ಒಂದೇ ಮಾರುಕಟ್ಟೆಯಲ್ಲಿ ಹತ್ತಿಯ ಬೆಲೆ ಕಳೆದುಕೊಂಡವರು. ಸರ್ಕಾರ ವಸೂಲಿಗಾಗಿ ಯಾರಿಗೆಲ್ಲ ನೋಟಿಸು ಕೊಟ್ಟಿತೋ ಅವರೇ ಸಮಿತಿಯ ಸದಸ್ಯರಾದರು. ಸಮಿತಿಗೆ ಉಳಿದದ್ದು ಊರಿಂದೂರಿಗೆ ನಡೆದು ಒಬ್ಬರಿಗೆ ಇನ್ನೊಬ್ಬರ ಸುದ್ದಿ ಮುಟ್ಟಿಸುವ ಕೆಲಸ. 1928ರಲ್ಲಿ ಗುಜರಾತಿನ ಬಾರ್ಡೋಲಿಯಲ್ಲಿ ವಲ್ಲಭಭಾಯಿ ಪಟೇಲರು ಮಾಡಿದ್ದೂ ಇದನ್ನೇ. ತಾಲ್ಲೂಕನ್ನು ಶಿಬಿರಗಳಾಗಿ ಹಂಚಿದರು, ದಿನವೂ ಸುದ್ದಿಪತ್ರ ಹಳ್ಳಿಹಳ್ಳಿಗೆ ಹೋಗುವಂತೆ ಮಾಡಿದರು, ಒಬ್ಬನೂ ಹೆದರಿ ಕಂದಾಯ ಕಟ್ಟದಂತೆ ಕಾದರು. ಶೇಕಡ 22ರಷ್ಟು ಏರಿಸಿದ್ದ ಕಂದಾಯ ವಿಚಾರಣೆಯ ನಂತರ ಶೇಕಡ 6ರ ಆಸುಪಾಸಿಗೆ ಇಳಿಯಿತು. ನಮ್ಮ ಅಂಕೋಲಾ, ಸಿದ್ದಾಪುರ, ಹಿರೇಕೆರೂರಿನ ಕರನಿರಾಕರಣೆಯ ಮನೆತನಗಳು ಅದೇ ಪಾಠವನ್ನು ಮೂವತ್ತರ ದಶಕದಲ್ಲಿ ಹೊಲ ಕಳೆದುಕೊಂಡು ಕಲಿತಿದ್ದವು.

ಜುಲೈ 21ರಂದು ಶಾಂತಿ ಉಳಿಯಲಿಲ್ಲ. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಪೊಲೀಸರ ಗುಂಡಿಗೆ ಬಲಿಯಾದರು. ನರಗುಂದದಲ್ಲಿ ಪೊಲೀಸರೂ ಜನರ ಕೈಯಲ್ಲಿ ಸತ್ತರು. ಸತ್ತ ಪೊಲೀಸರೂ ಬಡ ಮನೆಯ ಮಕ್ಕಳೇ ಆಗಿದ್ದಿರಬೇಕು. ಅವರ ಸಾವನ್ನು ಬಿಟ್ಟು ಈ ಕಥೆ ಹೇಳುವುದು ನ್ಯಾಯವಲ್ಲ. ಆದರೆ ರಾಮದುರ್ಗದಲ್ಲಿ ಆದಂತೆ ಇಲ್ಲಿ ಎಲ್ಲವೂ ಅಲ್ಲಿಗೇ ಮುಗಿಯಲಿಲ್ಲ. ಸಮಿತಿ ಉಳಿದಿತ್ತು, ಬೇಡಿಕೆ ಸ್ಪಷ್ಟವಿತ್ತು. ಕೆಲವೇ ದಿನಗಳಲ್ಲಿ ಕಿಡಿ ರಾಜ್ಯದ ಹಲವು ಜಿಲ್ಲೆಗಳಿಗೆ ಹಾರಿತು. ಆರ್. ಗುಂಡೂರಾವ್ ಸರ್ಕಾರ ಲೆವಿಯ ವಸೂಲಿಯಿಂದ ಹಿಂದೆ ಸರಿದು ರಿಯಾಯಿತಿಗಳನ್ನು ಪ್ರಕಟಿಸಬೇಕಾಯಿತು. ಅದೇ ವರ್ಷ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳ್ತನದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಹಸಿರು ಶಾಲು ರೈತನ ಹೆಗಲೇರಿತು. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚಿಸಿದರು. ಒಂದು ಕಾಲುವೆಯ ಕೊನೆಯ ಹೊಲದವರ ಪ್ರಶ್ನೆ ಮೂರು ವರ್ಷದೊಳಗೆ ವಿಧಾನಸೌಧದ ಕುರ್ಚಿಗಳನ್ನು ಬದಲಾಯಿಸುವುದರಲ್ಲಿ ಪಾಲು ಪಡೆಯಿತು. ನರಗುಂದದ ಹುತಾತ್ಮ ರೈತರ ವೀರಗಲ್ಲಿನ ಮುಂದೆ ನಿಂತು ಇದನ್ನು ನೆನೆದಾಗ ನನಗೆ ಮಾತೇ ಹೊರಡಲಿಲ್ಲ.

ಪ್ರತಿ ವರ್ಷ ಜುಲೈ 21ಕ್ಕೆ ರೈತರು ಇಲ್ಲಿಗೆ ಬರುತ್ತಾರೆ, ಹುತಾತ್ಮರಿಗೆ ಮಾಲೆ ಹಾಕುತ್ತಾರೆ. 2015ರ ಜುಲೈ 16ರಿಂದ ಇದೇ ನರಗುಂದದಲ್ಲಿ ಇನ್ನೊಂದು ಧರಣಿ ಶುರುವಾಯಿತು, ಗೋವಾದ ಕಡೆಗೆ ಹರಿಯುವ ಮಹದಾಯಿ ಹೊಳೆಯ ನೀರನ್ನು ಕಳಸಾ–ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸಬೇಕೆಂದು. ಬಿಸಿಲು, ಮಳೆ, ಹಬ್ಬ ಎನ್ನದೆ ಸಾವಿರ ದಿನ ದಾಟಿ ಜನ ಕೂತರು. ಕೇಳಿದ್ದು 7.56 ಟಿಎಂಸಿ. 2018ರ ಆಗಸ್ಟ್ 14ರ ತೀರ್ಪಿನಲ್ಲಿ ನ್ಯಾಯಾಧಿಕರಣ ಮಲಪ್ರಭೆಗೆ ಕೊಟ್ಟದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90 ಟಿಎಂಸಿ. ತೀರ್ಪು ಗೆಜೆಟ್ಟಿನಲ್ಲಿ ಪ್ರಕಟವಾದದ್ದು 2020ರ ಫೆಬ್ರವರಿಯಲ್ಲಿ. ಗೋವಾದ ವಿರೋಧವಿದೆ, ಭೀಮಗಡದ ಕಾಡಿಗೆ ಆಗುವ ಹಾನಿಯ ಬಗ್ಗೆ ನಮ್ಮವರೇ ಆದ ಪರಿಸರಪ್ರೇಮಿಗಳ ಆತಂಕವೂ ಇದೆ, ಅದನ್ನು ಲಘುವಾಗಿ ತಳ್ಳಿಹಾಕಲಾಗದು. 1980ರ ಬೇಡಿಕೆ ಸರ್ಕಾರದ ಒಂದು ಆದೇಶದಿಂದ ಈಡೇರಬಹುದಾಗಿತ್ತು. ಈಗಿನದಕ್ಕೆ ನೀರಿನ ಪಾಲುದಾರ ರಾಜ್ಯಗಳು, ಕೇಂದ್ರ, ನ್ಯಾಯಾಲಯ, ಕಾಡು ಇಷ್ಟೂ ಒಪ್ಪಬೇಕು. ಸಾವಿರ ದಿನದ ಧರಣಿಯಷ್ಟೇ ಸಾಲದು, ಪ್ರತಿಯೊಂದು ಬಾಗಿಲಿಗೂ ಬೇರೆ ಬೇರೆ ಯೋಜನೆ ಬೇಕು ಎಂಬುದು ನನ್ನ ತಿಳುವಳಿಕೆ.

ಗಂಗಾಂಬಿಕೆಯ ಕಾಲದವರು ಓಲೆಗಳನ್ನು ಉಳಿಸಿದ್ದರಿಂದ ನಾವು ಇಂದು ಅವರನ್ನು ಬಲ್ಲೆವು. 1980ರಲ್ಲಿ ಊರೂರು ನಡೆದು ಸಮಿತಿ ಕಟ್ಟಿದ ಹರೆಯದವರಿಗೆ ಈಗ ಎಪ್ಪತ್ತು ದಾಟಿದೆ. ಯಾವ ಊರಿನಲ್ಲಿ ಯಾರ ಮನೆಯ ಅಂಗಳದಲ್ಲಿ ಸಭೆ ಸೇರಿತು, ಬುತ್ತಿ ಯಾರು ಕಟ್ಟಿದರು, ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು, ಹೆದರಿದವರಿಗೆ ಯಾರು ಧೈರ್ಯ ಹೇಳಿದರು ಎಂಬುದು ಅವರ ನೆನಪಿನಲ್ಲಿ ಮಾತ್ರ ಇದೆ. ಸವದತ್ತಿ, ನರಗುಂದ, ನವಲಗುಂದ, ಬೈಲಹೊಂಗಲದ ಕಾಲೇಜು ಹುಡುಗರೇ, ಹುಡುಗಿಯರೇ, ನಿಮ್ಮ ಮನೆಯ ಅಜ್ಜ, ಅಜ್ಜಿಯರ ಬಳಿ ಕೂತು ಅದನ್ನು ಕೇಳಿ. ಊರು, ದಿನ, ಹೆಸರು ಸಮೇತ ಬರೆದಿಡಿ. ಮುಂದಿನ ಜುಲೈ 21ರವರೆಗೂ ಕಾಯಬೇಡಿ.